ಉಪ್ಪಿನ ಮೂಲೆಯ ಫಟಫಟಿ

ನನ್ನ ಗಂಡ ಮಾಲಿಂಗಪ್ಪ ತೋಳ ಬಂದರೆ ಕೋಲು ಹಿಡಿದು ಎದುರಿಗೆ ನಿಲ್ಲುವವನು. ಆದರೆ ಖಾಕಿ ಅಂಗಿಯವನು ಓಣಿಯಲ್ಲಿ ಕಂಡರೆ ಸಾಕು, ಅವನು ಪೋಸ್ಟಿನವನೇ ಆಗಿರಲಿ, ಮೆಲ್ಲಗೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ನಾನು ಅವನನ್ನು ಆಡಿಕೊಂಡು ನಗುತ್ತಿದ್ದೆ. ಖರೆ ಹೇಳಬೇಕೆಂದರೆ ಸರಕಾರದ ಹೆದರಿಕೆ ಅವನಿಗಿಂತ ನನಗೇ ಹೆಚ್ಚು. ನನ್ನ ಬಾಯಿ ಜೋರು, ಹಾಗಾಗಿ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಅಂಥ ನಮ್ಮ ಮನೆಗೆ ಐವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಸರಕಾರದ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಬಂದು ನಿಂತಿತು.

ಗೋಕಾಕದ ದನದ ದವಾಖಾನೆಯ ಕೇದಾರಿ ಡಾಕ್ಟರು ಅದನ್ನು ಹತ್ತಿಕೊಂಡು ನಮ್ಮ ತುಕ್ಕಾನಟ್ಟಿಗೆ ಬಂದಿದ್ದರು. ವಾಪಸು ಹೊರಡುವಾಗ ಮಳೆ ಹಿಡಿಯಿತು. ನಮ್ಮ ಎರೆಮಣ್ಣು ಗಾಲಿಗೆ ಮೆತ್ತಿದರೆ ಜೋಡೆತ್ತೇ ಸೋತು ನಿಲ್ಲುತ್ತವೆ. ಫಟಫಟಿ ಊರ ಹೊರಗೆ ಹೂತು, ಜಗ್ಗಾಡಿದ್ದಕ್ಕೆ ಅದರ ಸರಪಳಿ ಹರಿಯಿತು. ಹೊಸದು ಬೆಳಗಾವಿಯಿಂದ ಬರಬೇಕು, ಆಮೇಲೆ ನೆಲ ಆರಬೇಕು. ನಾಲ್ಕು ಮಂದಿ ಸೇರಿ ಗಾಡಿಯನ್ನು ಹತ್ತಿರವಿದ್ದ ನಮ್ಮ ಮನೆಗೆ ನೂಕಿ ತಂದರು. ದಸರೆಯ ಹೊತ್ತಿಗೆ ಬಂದು ಒಯ್ಯುತ್ತೇನೆ, ಮಳೆ ಹನಿ ತಾಗದಂತೆ ನೋಡಿಕೊಳ್ಳಿ ಎಂದು ಹೇಳಿ ಡಾಕ್ಟರು ಬಸ್ಸಿನ ದಾರಿಗೆ ನಡೆದು ಹೋದರು.

ಎಲ್ಲಿಡುವುದು ಎಂದು ಗಂಡ ತಲೆ ಕೆರೆದುಕೊಳ್ಳುತ್ತಿದ್ದಾಗ ಜಾಗ ತೋರಿಸಿದವಳು ನಾನು. ಕುರಿಗಳಿಗೆ ನೆಕ್ಕಿಸುವ ಉಪ್ಪನ್ನು ನಾವು ಒಳಮನೆಯ ಮೂಲೆಯಲ್ಲಿ ಇಡುತ್ತೇವೆ. ಇಡೀ ಮನೆಯಲ್ಲಿ ಸೋರದ ಮೂಲೆ ಅದೊಂದೇ. ಮೂರು ಉಪ್ಪಿನ ಚೀಲಗಳನ್ನು ಸರಿಸಿ, ಅವುಗಳ ನಡುವೆ ಗಾಡಿ ನಿಲ್ಲಿಸಿ, ಮೇಲೆ ಗಂಡನ ಹೊಸ ಕಂಬಳಿ ಹೊದಿಸಿದೆ. ಕಂಬಳಿ ಆಗಷ್ಟೇ ಮಳೆಯಲ್ಲಿ ನೆನೆದಿತ್ತು. ಹಸಿಯಾದರೇನು, ಉಣ್ಣೆ ಬೆಚ್ಚಗಿಡುತ್ತದೆ ಎಂದುಕೊಂಡೆ. ಕೂಸಿಗೆ ಹೊದಿಸುವ ಹಾಗೆ ಸುತ್ತಲೂ ಒತ್ತಿ ಹೊದಿಸಿದೆ.

ವಾಲಿಕಾರ ಸತ್ತೆಪ್ಪ, ಊರಿನ ಸರಕಾರಿ ಕೆಲಸಕ್ಕೆ ಓಡಾಡುವವನು, ಒಂದು ದಿನ ಬಂದು ಅದನ್ನು ಬಗ್ಗಿ ನೋಡಿದ. ಹುಕ್ಕೇರಿ ಕಡೆ ಒಬ್ಬ ಸರ್ವೆ ಕಲ್ಲು ಕಿತ್ತು ಬಚ್ಚಲಿಗೆ ಹಾಸಿಕೊಂಡಿದ್ದಕ್ಕೆ ಅವನಿಗೆ ಬೇಡಿ ಹಾಕಿ ಪೇಟೆಯಲ್ಲಿ ನಡೆಸಿಕೊಂಡು ಹೋದರಂತೆ. ಒಂದು ಕಲ್ಲಿಗೇ ಹಾಗಾದರೆ ಇದಕ್ಕೆ ಹೇಗೋ ಎಂದು ಹೇಳಿ, ನನ್ನ ಚಹಾ ಕುಡಿದು ಹೋದ. ನನಗೆ ಅಂದಿನಿಂದ ಗಾಡಿಯ ಕಡೆ ನೋಡಲಿಕ್ಕೂ ಧೈರ್ಯ ಸಾಲಲಿಲ್ಲ. ಉಪ್ಪು ತೆಗೆಯುವಾಗಲೂ ಮುಖ ತಿರುಗಿಸಿಕೊಂಡೇ ತೆಗೆಯುತ್ತಿದ್ದೆ.

ಎರಡು ತಿಂಗಳ ಮೇಲೆ, ಭಾದ್ರಪದದಲ್ಲಿ, ಒಂದು ಮುಂಜಾನೆ ಕಂಬಳಿ ಜಾರಿ ಬಿದ್ದಿತ್ತು. ಹೊದಿಸಲು ಹೋದವಳು ಹಾಗೇ ಕೂತುಬಿಟ್ಟೆ. ಇಂಜಿನ್ನಿನ ಎರಡೂ ಬಾಜೂ ಮುಖ ಕಾಣುವಂತೆ ಹೊಳೆಯುತ್ತಿದ್ದ ಮುಚ್ಚಳಗಳ ಮೇಲೆ ಬೆಳ್ಳನೆಯ ಹುಡಿ ಎದ್ದಿತ್ತು. ಉಪ್ಪು ಚೆಲ್ಲಿರಬೇಕೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದರೆ ಹಕ್ಕಳೆಯಂತೆ ಎದ್ದು ಬಂತು, ಅಡಿಯಲ್ಲಿ ಸಿಡುಬಿನ ಕಲೆಯಂಥ ಸಣ್ಣ ಸಣ್ಣ ತಗ್ಗು. ಮಳೆಗಾಲದ ಉಪ್ಪು ಬೆವರಿ, ಕಂಬಳಿಯ ಹಸಿ ಸೇರಿ ಲೋಹವನ್ನು ತಿಂದಿತ್ತು. ಸರಕಾರದ ಗಾಡಿಯನ್ನು ನಾನೇ ಕೈಯಾರೆ ಉಪ್ಪಿಗೆ ಹಾಕಿದ್ದೆ. ಬೇಡಿ ಬೀಳುವುದು ಮಾತ್ರ ನನ್ನ ಗಂಡನ ಕೈಗೆ.

ಅವನು ಆಗ ಮೇಳವಂಕಿ ದಾರಿಯ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ, ರಾತ್ರಿಯೂ ಅಲ್ಲೇ ಇರುತ್ತಿದ್ದ. ನಾನು ಮಧ್ಯಾಹ್ನ ಬುತ್ತಿ ಒಯ್ದು ಕೊಟ್ಟು ಬರುತ್ತಿದ್ದೆ. ಅವನಿಗೆ ಹೇಳಲಿಲ್ಲ. ದಸರೆಗೆ ಇನ್ನೂ ದಿನಗಳಿದ್ದವು, ಅಷ್ಟರಲ್ಲಿ ತಿಕ್ಕಿ ಸರಿ ಮಾಡಿಬಿಡುತ್ತೇನೆ ಎಂದು ಬೂದಿಗೆ ನೀರು ಕಲಸಿ ದಪ್ಪಗೆ ಮೆತ್ತಿದೆ. ತಾಮ್ರದ ಕೊಡ, ಹಿತ್ತಾಳೆ ತಂಬಿಗೆ ಎಲ್ಲ ಅದರಲ್ಲೇ ಬೆಳಗುತ್ತವೆ. ಮಾರನೆಯ ದಿನ ತೊಳೆದು ನೋಡಿದರೆ ಬಿಳಿ ಇದ್ದದ್ದು ಕಪ್ಪಾಗಿತ್ತು. ನನ್ನ ಎರಡೂ ಅಂಗೈ ಕಪ್ಪಾಗಿದ್ದವು, ಎಷ್ಟು ತೊಳೆದರೂ ಹೋಗಲಿಲ್ಲ.

ಅದೇ ದಿನ ಗಂಡ ಹೊಲದಿಂದ ಓಡುತ್ತ ಬಂದ.

"ಎರಡ ಕುರಿ ಗಂಟಲ ಬಾತಾವ. ಸತ್ತೆಪ್ಪಗ ಹೇಳು, ಈಗಿಂದೀಗ ಗೋಕಾಕಕ್ಕ ಹೋಗಿ ಡಾಕ್ಟರನ್ನ ಕರ್ಕೊಂಡ ಬರ್ಲಿ. ಸೂಜಿ ಬಿದ್ರ ಉಳೀತಾವ. ಇಲ್ಲಂದ್ರ ಹಿಂಡ ಹೋಗತೈತಿ."

ಆಗಲಿ ಎಂದೆ. ಅವನು ಹಾಗೇ ತಿರುಗಿ ಹೋದ. ನಾನು ಸತ್ತೆಪ್ಪನ ಮನೆಯ ತನಕ ಹೋದದ್ದೂ ನಿಜ. ಬಾಗಿಲಲ್ಲಿ ನಿಂತಾಗ, ಡಾಕ್ಟರು ಬಂದರೆ ಮೊದಲು ಕೇಳುವುದೇ ಗಾಡಿಯನ್ನು ಎಂಬುದು ನೆನಪಾಗಿ ಕಾಲು ಮುಂದೆ ಹೋಗಲಿಲ್ಲ. ಒಂದೇ ದಿನ ತಡೆಯೋಣ, ಇವತ್ತು ಹುಣಸೆಹಣ್ಣಿನಿಂದ ತಿಕ್ಕಿ ನೋಡೋಣ, ನಾಳೆ ಹೇಳಿ ಕಳಿಸಿದರಾಯಿತು ಎಂದು ಮನೆಗೆ ಬಂದೆ.

ಮಾರನೆಯ ದಿನ ಬುತ್ತಿ ಒಯ್ದಾಗ ಮೂರು ಕುರಿ ಸತ್ತು ಬಿದ್ದಿದ್ದವು. ಹೇಳಿ ಕಳಿಸಿದೆಯಾ ಎಂದು ಗಂಡ ಕೇಳಿದ. ಕಳಿಸಿದೆ ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು. ಹುಣಸೆಹಣ್ಣಿಗೂ ಕಪ್ಪು ಹೋಗಿರಲಿಲ್ಲ. ಮನೆಗೆ ಬಂದು ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ, ಮುಚ್ಚಳದ ತುಂಬ ಗೀರು ಬಿದ್ದವು. ಈಗ ಯಾರು ನೋಡಿದರೂ ಬೇಕೆಂದೇ ಕೆಡಿಸಿದ್ದಾರೆ ಅನ್ನುವ ಹಾಗಾಗಿತ್ತು. ಇನ್ನಂತೂ ಡಾಕ್ಟರನ್ನು ಕರೆಯುವ ಮಾತೇ ಇಲ್ಲ ಎನಿಸಿತು. ಮೂರನೆಯ ದಿನ ಸತ್ತವು ಎಂಟಾದವು. ಗಂಡ ಡಾಕ್ಟರನ್ನು ಬೈಯುತ್ತಿದ್ದ, ಪಗಾರ ತಿಂದು ಮಲಗಿದ್ದಾರೆ ಎಂದು. ನಾನು ಹೂಂ ಅಂದೆ. ದೇವರು ಮೆಚ್ಚುವ ಕೆಲಸವಲ್ಲ, ಆದರೂ ಅಂದೆ. ಕಣ್ಣು ಮುಚ್ಚಿದರೆ ಸಾಕು, ಕೈಗೆ ಬೇಡಿ ಹಾಕಿಸಿಕೊಂಡು ಅವನು ಪೇಟೆಯ ನಡುವೆ ನಡೆಯುವುದು ಕಾಣುತ್ತಿತ್ತು. ಎದುರಿಗೆ ಸಾಯುತ್ತಿದ್ದ ಕುರಿಗಳಿಗಿಂತ ಅದೇ ನನಗೆ ನಿಜವಾಗಿತ್ತು.

ನಾಲ್ಕನೆಯ ದಿನ ಹೊತ್ತು ಮೂಡುವಾಗ ಹೊಲಕ್ಕೆ ಹೋದೆ. ಹಿಂಡಿನ ಅರವತ್ತರಲ್ಲಿ ಹತ್ತೊಂಬತ್ತು ಹೋಗಿದ್ದವು. ಗಂಡ ಒಂದು ಮರಿಯ ಬಾಯಿಯ ಜೊಲ್ಲನ್ನು ತನ್ನ ರುಮಾಲಿನಿಂದ ಒರೆಸುತ್ತ ಕೂತಿದ್ದ. ಬೇಡಿ ಬೀಳುವುದಾದರೆ ಬೀಳಲಿ ಎಂದು ಸೀದಾ ಸತ್ತೆಪ್ಪನ ಮನೆಗೆ ಹೋಗಿ ಅವನನ್ನು ಗೋಕಾಕಕ್ಕೆ ಅಟ್ಟಿದೆ.

ಮಧ್ಯಾಹ್ನಕ್ಕೆ ಡಾಕ್ಟರು ಬಂದೇಬಿಟ್ಟರು. ಬಸ್ಸಿಳಿದು, ಬೂಟು ಕೈಯಲ್ಲಿ ಹಿಡಿದು, ಮೊಣಕಾಲುದ್ದ ಕೆಸರಿನಲ್ಲಿ ನಡೆದು ಸೀದಾ ಹೊಲಕ್ಕೇ ಹೋಗಿದ್ದರು. ಉಳಿದ ಕುರಿಗಳಿಗೆಲ್ಲ ಸೂಜಿ ಹಾಕಿ, ಸತ್ತವನ್ನು ಆಳವಾಗಿ ಹೂಳಬೇಕೆಂದು ಹೇಳಿ, ಸಂಜೆ ಗಂಡನ ಜೊತೆ ಕೈ ತೊಳೆಯಲು ಮನೆಗೆ ಬಂದರು. ಗಾಡಿ ಹೇಗಿದೆ ಎಂದು ಕೇಳಿದರು. ನಾನು ಹೋಗಿ ಕಂಬಳಿ ಎಳೆದೆ.

ಡಾಕ್ಟರು ಬಗ್ಗಿ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿದರು.

"ಇದಕ ಇಷ್ಟ ಅಂಜೀಯೇನ ಯವ್ವಾ? ಇದು ಅಲ್ಯೂಮಿನಿಯಂ. ಉಪ್ಪೂ ಆಗಿ ಬರೂದಿಲ್ಲ, ಬೂದೀನೂ ಆಗಿ ಬರೂದಿಲ್ಲ. ಎಣ್ಣಿ ಹಚ್ಚಿ ಪಾಲೀಶ್ ಕಾಗದಲೆ ತಿಕ್ಕಿದ್ರ ಹೋಗತೈತಿ. ತಗ್ಗ ಉಳೀತಾವ, ಉಳೀಲಿ. ಒಳಗ ಇಂಜಿನ್ ಚಲೋ ಐತಿ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಬೇಡಿ ಇಲ್ಲ, ಪೇಟೆ ಇಲ್ಲ, ಏನೂ ಇಲ್ಲ. ಡಾಕ್ಟರು ಕೈ ಒರೆಸಿಕೊಳ್ಳುತ್ತ ಗಂಡನ ಕಡೆ ತಿರುಗಿದರು.

"ಮಾಲಿಂಗಪ್ಪ, ಬ್ಯಾನಿ ಬಂದ ದಿನಾನ ಕರೀಬೇಕಿತ್ತು. ಎರಡ ಮೂರರ ಮ್ಯಾಲ ಹೋಗ್ತಿರಲಿಲ್ಲ."

"ಅವತ್ತ ಹೇಳಿ ಕಳಿಸೀವಲ್ರಿ ಸಾಹೇಬ್ರ. ಇವತ್ತಿಗಿ ನಾಕ ದಿನ ಆತು."

"ನನಗ ಸುದ್ದಿ ಮುಟ್ಟಿದ್ದು ಇವತ್ತ ಮುಂಜಾನಿ."

ಗಂಡ ನನ್ನ ಮುಖ ನೋಡಲಿಲ್ಲ. ಗಾಡಿಯ ಕಪ್ಪು ಮುಚ್ಚಳ ನೋಡಿದ, ಆಮೇಲೆ ನನ್ನ ಅಂಗೈ ನೋಡಿದ. ಇಷ್ಟು ದಿನ ನಾನು ಸರಕಾರಕ್ಕೆ ಹೆದರಿದ್ದು ಏನೂ ಅಲ್ಲ ಎಂಬುದು ಆಗ ಗೊತ್ತಾಯಿತು. ಅವನು ಬೈಯಲಿ, ಹೊಡೆಯಲಿ, ಏನಾದರೂ ಒಂದು ಮಾಡಲಿ ಎಂದು ಕಾದೆ.

"ನೀ ಕಳಿಸಿದ್ದಿಲ್ಲೇನ ಹಣಮವ್ವ?" ಎಂದ.

ಇಲ್ಲ ಎಂದೆ.

ಅವನು ಡಾಕ್ಟರಿಗೆ ಕೈ ಒರೆಸಿಕೊಳ್ಳಲು ಇನ್ನೊಂದು ಬಟ್ಟೆ ಕೊಟ್ಟ. ಬಾಗಿಲ ಹಿಂದೆ ಎರಡು ಸಲಿಕೆ ಇದ್ದವು, ಒಂದನ್ನು ಹೆಗಲಿಗೆ ಏರಿಸಿಕೊಂಡು ಹೊಲದ ಕಡೆ ನಡೆದ. ನಾನು ಇನ್ನೊಂದನ್ನು ಹಿಡಿದು ಹಿಂದೆ ಹೋದೆ. ಬೆಳಗಾಗುವ ತನಕ ಹತ್ತೊಂಬತ್ತನ್ನೂ ಇಬ್ಬರೂ ಹೂತೆವು.