ಅಪ್ಪನಿಗೆ ಎರಡು ಪಾಲು ನೀರು

ಬಾವಿಯ ನೀರು ಉಪ್ಪಾದ ವರ್ಷ, ಶಾಲಾ ಬಸ್ಸು ಓಡಿಸುವ ಅಕ್ಕ ಮಳೆನೀರಿನ ತೊಟ್ಟಿ ಕಟ್ಟಿಸಿಯೇ ತೀರುವೆನೆಂದು ಹಟ ಹಿಡಿದಳು. ಮನೆಯಲ್ಲಿದ್ದದ್ದು ನಾಲ್ವರು: ಅವಳು, ತಂಗಿ, ತಂಗಿಯ ಪುಟ್ಟ ಮಗಳು, ಮತ್ತೆ ಏಣಿಯಿಂದ ಬಿದ್ದು ಎರಡೂ ಕಾಲು ಸೋತು ಗಾಲಿಕುರ್ಚಿ ಹಿಡಿದಿದ್ದ ಅಪ್ಪ.

ಮೇಸ್ತ್ರಿ ಬಾಗಿಲ ಮುಂದಿನ ಅಂಗಳ ನೋಡಿ, "ಹತ್ತು ಸಾವಿರ ಲೀಟರ್ ಸಾಕಮ್ಮ. ಎಲ್ಲರೂ ಅಷ್ಟೇ ಕಟ್ಟಿಸೋದು," ಎಂದ.

"ಎಲ್ಲರ ಮನೆ ಲೆಕ್ಕ ನನಗ್ಯಾಕೆ? ನಮ್ಮನೇಲಿ ಎಷ್ಟು ಖರ್ಚಾಗುತ್ತೋ ನೋಡ್ತೀನಿ."

ಬಟ್ಟೆಗೆ, ಶೌಚಕ್ಕೆ ಬಾವಿ ನೀರೇ ಆದೀತು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಮಾತ್ರ ಮಳೆನೀರು. ಒಂದು ವಾರ ಕೊಡದಲ್ಲಿ ಅಳೆದಳು. ತಲೆಗೆ ದಿನಕ್ಕೆ ಇಪ್ಪತ್ತೈದು ಲೀಟರ್ ಬಿತ್ತು. ಅಪ್ಪನದು ಮಾತ್ರ ಅದರ ಅರ್ಧವೂ ಇರಲಿಲ್ಲ. ಮಂಚದ ಪಕ್ಕದ ಹೂಜಿ ಸಂಜೆಯಾದರೂ ತುಂಬಿಯೇ ಇರುತ್ತಿತ್ತು. ಮೂತ್ರದ ಸೋಂಕು ಮತ್ತೆ ಮತ್ತೆ ಯಾಕೆ ಬರುತ್ತಿದೆ ಎಂಬುದು ಅವಳಿಗೆ ಆಗ ಅರ್ಥವಾಯಿತು.

"ಅಪ್ಪಾ, ಯಾಕೆ ನೀರು ಕುಡೀತಿಲ್ಲ?"

ಅಪ್ಪ ಗೋಡೆ ನೋಡಿದ. "ಕುಡಿದ್ರೆ ಏಳ್ಬೇಕು. ಏಳೋಕೆ ನಿಮ್ಮಲ್ಲೊಬ್ಬರು ಎತ್ತಬೇಕು. ಸ್ನಾನಾನೂ ಹಾಗೇ. ನನ್ನದು ಅರ್ಧ ಪಾಲು ಹಿಡಿ, ತೊಟ್ಟೀನೂ ಚಿಕ್ಕದಾಗುತ್ತೆ."

ಅಕ್ಕನ ಹಟ ಸಡಿಲಾಗಲಿಲ್ಲ. "ನಿನ್ನದು ಎರಡು ಪಾಲು ಹಿಡೀತೀನಿ. ಇನ್ಮೇಲೆ ದಿನಾ ಸ್ನಾನ. ಎತ್ತೋಕೆ ನಮಗೇನು ಧಾಡಿ?"

ಐದು ಪಾಲಿಗೆ, ಮಳೆಯಿಲ್ಲದ ನಾಲ್ಕು ತಿಂಗಳಿಗೆ ಹದಿನೈದು ಸಾವಿರ ಲೀಟರ್. ಚಾವಣಿಯ ಮೇಲೆ ಬೀಳುವ ಮಳೆಯಲ್ಲಿ ಪೋಲಾಗುವುದನ್ನು ಕಳೆದರೂ ವರ್ಷಕ್ಕೆ ಸಾಲುತ್ತಿತ್ತು. ಹತ್ತಡಿ ಉದ್ದ, ಎಂಟಡಿ ಅಗಲ, ಏಳಡಿ ಆಳ ಎಂದು ಮೇಸ್ತ್ರಿಗೆ ಹೇಳಿದಳು.

ಐದಡಿ ಅಗೆಯುವಷ್ಟರಲ್ಲಿ ಬಂಡೆ ಎದುರಾಯಿತು.

"ಇಲ್ಲಿಗೇ ನಿಲ್ಸೋಣ," ಎಂದ ಮೇಸ್ತ್ರಿ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ," ಎಂದು ಅಪ್ಪನೂ ಒಳಗಿಂದ ಕೂಗಿದ.

"ಕಾಲು ಚಾಚೋ ಮಾತು ನೀನು ಆಡ್ತೀಯಾ?"

ತಂಗಿ ಬೆಚ್ಚಿ ನೋಡಿದಳು. ಮೊದಲು ನಕ್ಕವನು ಅಪ್ಪನೇ.

ಅಕ್ಕ ಟೇಪು ಹಿಡಿದು ಗುಂಡಿಗಿಳಿದಳು, ಹತ್ತಿ ಬಂದು ಹೊಸ್ತಿಲ ಎತ್ತರ ಅಳೆದಳು. ಸರಿಯಾಗಿ ಎರಡಡಿ.

"ಕೆಳಗೆ ಹೋಗದಿದ್ರೆ ಮೇಲೆ ಬರಲಿ. ಗೋಡೆ ಎರಡಡಿ ಎತ್ತರಿಸಿ. ಈ ಮೆಟ್ಟಿಲು ಒಡೆದುಬಿಡಿ."

"ಮನೆ ಹತ್ತೋದು ಹೇಗೆ?"

"ತೊಟ್ಟಿ ಮೇಲಿಂದ. ಅದರ ಕಾಂಕ್ರೀಟ್ ಮುಚ್ಚಳ ಹೊಸ್ತಿಲಿಗೆ ಸೇರಲಿ, ಅಲ್ಲಿಂದ ಗೇಟಿನ ತನಕ ಇಳಿಜಾರು. ಕುರ್ಚಿ ಉರುಳ್ಬೇಕು."

"ನೆಲದ ಮೇಲಿನ ಗೋಡೇನ ನೀರು ತಳ್ಳುತ್ತೆ. ಕಬ್ಬಿಣ ಜಾಸ್ತಿ ಬೇಕು."

"ಹಾಕಿ."

ಆ ಮಳೆಗಾಲದಲ್ಲಿ ತೊಟ್ಟಿ ತುಂಬಿ ಹೊರಚೆಲ್ಲಿತು. ಬೇಸಗೆಯ ಕೊನೆಗೆ ಇಣುಕಿದಾಗ ತಳದಲ್ಲಿ ಇನ್ನೂ ಒಂದು ಗೇಣು ನೀರಿತ್ತು. ಅಪ್ಪನಿಗೆ ಸೋಂಕು ಮರುಕಳಿಸಲಿಲ್ಲ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿಸಿಕೊಂಡು, ಒದ್ದೆ ಕೂದಲಲ್ಲೇ ಕುರ್ಚಿ ಉರುಳಿಸಿಕೊಂಡು ಗೇಟಿನ ತನಕ ಒಬ್ಬನೇ ಹೋಗುತ್ತಿದ್ದ. ಅಲ್ಲಿ ತರಕಾರಿಯವನ ಜೊತೆ ಬಾಡಿದ ಸೊಪ್ಪಿನ ವಿಷಯಕ್ಕೆ ಅಪ್ಪ ತೆಗೆಯುವ ಜಗಳ ಅಡುಗೆಮನೆಗೂ ಕೇಳಿಸುತ್ತಿತ್ತು.