ಬ್ರೇಕ್ ಮೇಷ್ಟ್ರು ಇಳಿಸಿದ ವಿಮಾನ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹನ್ನೊಂದು ದಿನದಲ್ಲಿ ಅರವತ್ತಮೂರು ಯುದ್ಧವಿಮಾನಗಳನ್ನು ನುಚ್ಚುನೂರು ಮಾಡಿದ್ದರು. ಅವುಗಳಲ್ಲಿ ಒಂದೂ ಶತ್ರುಗಳದ್ದಲ್ಲ. ಲೆಕ್ಕ ಪಕ್ಕಾ, ಯಾಕೆಂದರೆ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದವಳು ಅವರ ಹೆಂಡತಿ. ಆಕೆಗೆ ಗಂಡನ ಮೇಲೆ ಹಗೆಯೇನೂ ಇರಲಿಲ್ಲ. ಕಂಪ್ಯೂಟರು ಆಕೆಯದು, ಅಷ್ಟೇ. ವಕೀಲರ ಕಾಗದಪತ್ರಗಳನ್ನು ಮನೆಯಲ್ಲಿ ಕೂತು ಟೈಪ್ ಮಾಡಿಕೊಡುವುದು ಆಕೆಯ ಕೆಲಸ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸ್ಕೂಲಿಗೆ ಬಿಡುವು. ಆ ಹೊತ್ತಿಗೆ ಸರಿಯಾಗಿ ಗಂಡ ಬಂದು ಆಕೆಯ ಕುರ್ಚಿಯಲ್ಲಿ ವಕ್ಕರಿಸುತ್ತಿದ್ದರು.

ಅವರು ಈ ಹುಚ್ಚಿಗೆ ಬಿದ್ದದ್ದು ತಮ್ಮ ಬಲಗಾಲಿನಿಂದ.

ಇಪ್ಪತ್ತೆರಡು ವರ್ಷ ಅವರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತಿದ್ದಾರೆ. ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇದೆ. ಕಲಿಯುವವರಿಗೆ ಅಪಾಯ ಕಾಣುವ ಮೊದಲೇ ಮೇಷ್ಟ್ರಿಗೆ ಕಾಣುತ್ತಿತ್ತು, ಮೇಷ್ಟ್ರಿಗೆ ಕಾಣುವ ಮೊದಲೇ ಅವರ ಕಾಲಿಗೆ ಕಾಣುತ್ತಿತ್ತು. ಕಾರಿಗೆ ಇವತ್ತಿನವರೆಗೆ ಒಂದು ಗೀರು ಬಿದ್ದಿಲ್ಲ. ಊರಿನವರು ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಎಡಗಾಲಿನ ಚಪ್ಪಲಿ ಒಂದು ಸವೆಯುವುದರೊಳಗೆ ಬಲಗಾಲಿನವು ಮೂರು ಸವೆಯುತ್ತಿದ್ದವು. ಟಿವಿಯಲ್ಲಿ ಯಾರಾದರೂ ಓಡಿ ಬಂದರೂ ಸಾಕು, ಮೇಷ್ಟ್ರು ಮುಂದಿದ್ದ ಟೀಪಾಯಿಯನ್ನು ಕಾಲಿನಿಂದ ಒತ್ತುವರು. ಮದುವೆಯಾದಾಗ ಸೋಫಾದ ಪಕ್ಕದಲ್ಲಿದ್ದ ಆ ಟೀಪಾಯಿ ಈಗ ಅಡುಗೆಮನೆಯ ಬಾಗಿಲಿಗೆ ಬಂದಿತ್ತು.

ಅವರ ಹತ್ತಿರ ಐದು ತಿಂಗಳಿಂದ ಒಬ್ಬ ಟೈಲರಮ್ಮ ಕಲಿಯುತ್ತಿದ್ದಳು. ವಯಸ್ಸು ಐವತ್ತರ ಆಸುಪಾಸು, ಕೊರಳಲ್ಲಿ ಅಳತೆ ಪಟ್ಟಿ, ಮಾತು ಕಡಿಮೆ. ಆಸ್ಪತ್ರೆಗಳಿಗೆ ಯೂನಿಫಾರಂ ಹೊಲಿದುಕೊಡುವವಳು. ಹೊಲಿದ ಗಂಟುಗಳನ್ನು ತಾನೇ ವ್ಯಾನಿನಲ್ಲಿ ಒಯ್ಯಬೇಕೆಂದು ಆಕೆಗೆ ಲೈಸೆನ್ಸ್ ಬೇಕಿತ್ತು. ಮೂರು ಸಲ ಟೆಸ್ಟಿಗೆ ಹೋದಳು, ಮೂರು ಸಲವೂ ಫೇಲು. ಮೂರನೇ ಸಲವಂತೂ ಕಾರು ನಿಲ್ಲಬೇಕಾದ ಗೆರೆ ದಾಟಿ, ಹೂಕುಂಡಗಳನ್ನು ದಾಟಿ, ಕಚೇರಿಯ ಎರಡು ಮೆಟ್ಟಿಲು ಹತ್ತಿತ್ತು. ಪಕ್ಕದಲ್ಲಿದ್ದ ಅಧಿಕಾರಿ, ಹೇಗೂ ಬಾಗಿಲಿಗೇ ಬಂದಾಯಿತಲ್ಲ ಎಂದು ಅಲ್ಲೇ ಇಳಿದು, ಒಳಗೆ ಹೋಗಿ ಫೇಲೆಂದು ಬರೆದು ಸಹಿ ಹಾಕಿದರು. ನಾಲ್ಕನೇ ಸಲ ಫೇಲಾದರೆ ಒಂದು ವರ್ಷ ಆ ಕಡೆ ತಲೆ ಹಾಕುವಂತಿಲ್ಲ ಎಂದೂ ಹೇಳಿದರು.

ಮರುದಿನದ ಪಾಠದಲ್ಲಿ ಟೈಲರಮ್ಮ ಗಾಡಿಯನ್ನು ಬದಿಗೆ ಹಾಕಿದಳು. ಹಾಕಿದಳು ಎಂದರೆ, ಸ್ಟೀರಿಂಗ್ ತಿರುಗಿಸಿದ್ದು ಆಕೆ, ನಿಲ್ಲಿಸಿದ್ದು ಮೇಷ್ಟ್ರು.

"ಮೇಷ್ಟ್ರೆ, ನಾನು ಯಾಕೆ ಫೇಲಾಗ್ತಿದೀನಿ ಗೊತ್ತಾ?"

"ಗೊತ್ತಿಲ್ದೆ ಏನಮ್ಮ! ನೀವು ಬ್ರೇಕ್ ಒತ್ತಲ್ಲ."

"ಐದು ತಿಂಗಳಲ್ಲಿ ನನಗೆ ಒತ್ತೋಕೆ ಬಿಟ್ಟಿದೀರಾ? ನಾನು ಕಾಲೆತ್ತೋದ್ರೊಳಗೆ ನೀವು ತುಳಿದಾಗಿರುತ್ತೆ. ಕಾರು ಅಂದ್ರೆ ತಾನಾಗೇ ನಿಲ್ಲುತ್ತೆ ಅಂತ ನನ್ನ ಕಾಲು ನಂಬ್ಕೊಂಡು ಕೂತಿದೆ. ಟೆಸ್ಟಲ್ಲೂ ಕಾಯ್ತಾನೇ ಇದ್ದೆ, ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ."

"ಅದಕ್ಕೆ?"

"ಒಂದು ಪಾಠ. ಒಂದೇ ಒಂದು ಪಾಠ ಕಾಲು ಮೇಲೆತ್ತಿ ಕೂತ್ಕೊಳ್ಳಿ."

"ನನ್ನ ಹೆಣ ಬಿದ್ದ ಮೇಲೆ," ಎಂದರು ಮೇಷ್ಟ್ರು. "ಕೈಕಾಲು ನೆಟ್ಟಗಿರೋ ಯಾರು ಬೇಕಾದ್ರೂ ಕಲೀಬಹುದು ಕಣಮ್ಮ. ನಿಮಗೆ ಗಮನ ಇಲ್ಲ, ಅದು ಹೇಳಿ."

ಟೈಲರಮ್ಮ ಕನ್ನಡಿ ಸರಿಮಾಡಿದಳು. ಆಮೇಲೆ, "ನಾನು ವಾರಕ್ಕೆ ನಾಲ್ಕು ಸಲ ಯುದ್ಧವಿಮಾನ ಹಾರಿಸ್ತೀನಿ," ಎಂದಳು.

ಮೇಷ್ಟ್ರು ಆಕೆಯ ಕೊರಳಿನ ಅಳತೆ ಪಟ್ಟಿಯನ್ನು ನೋಡಿದರು. "ಎಲ್ಲಿ?"

"ಇಂಟರ್ನೆಟ್‌ನಲ್ಲಿ. ಆ ಕಡೆ ಎಂಟು ಜನ, ಈ ಕಡೆ ಎಂಟು ಜನ. ಹಳೇ ಕಾಲದ ಫ್ಯಾನ್ ವಿಮಾನಗಳು. ನಮ್ಮ ಕಮಾಂಡರ್ ಕನ್ನಡಕದ ಅಂಗಡಿ ಇಟ್ಕೊಂಡಿದ್ದಾರೆ."

"ಆಟ ಅನ್ನಿ."

"ಆಟವೇ. ಕೈಕಾಲು ನೆಟ್ಟಗಿರೋ ಯಾರು ಬೇಕಾದ್ರೂ ಕಲೀಬಹುದು. ಟೆಸ್ಟಿಗೆ ಇನ್ನು ಎರಡು ವಾರ ಇದೆ. ಅದರ ಹಿಂದಿನ ಭಾನುವಾರದೊಳಗೆ ನಮ್ಮ ಜೊತೆ ಹಾರಿ, ಒಂದೇ ಒಂದು ವಿಮಾನ ಮುರೀದೆ ಇಳಿಸಿ. ಇಳಿಸಿದ್ರೆ ನಿಮ್ಮ ಕಾಲಿನ ಸುದ್ದಿಗೆ ಬರಲ್ಲ. ಆಗ್ಲಿಲ್ಲ ಅಂದ್ರೆ ಸೋಮವಾರದ ಪಾಠಕ್ಕೆ ಕಾಲು ಸೀಟಿನ ಮೇಲೆ."

ಮೇಷ್ಟ್ರು ನಕ್ಕುಬಿಟ್ಟರು. ಆ ವಾರ ಅವರು ನಕ್ಕಿದ್ದು ಅದೇ ಕೊನೆ.

ಟೈಲರಮ್ಮ ತನ್ನ ಹಳೆಯ ಜಾಯ್‌ಸ್ಟಿಕ್ಕು, ಕಾಲಿಗೆ ಎರಡು ಪೆಡಲು, ಕಿವಿಗೆ ಹೆಡ್‌ಫೋನು ಎಲ್ಲವನ್ನೂ ಬಟ್ಟೆಚೀಲದಲ್ಲಿ ಹಾಕಿ ಕೊಟ್ಟಳು. ಮೊದಲ ಮಧ್ಯಾಹ್ನ ಪೂರ್ತಿ ಯಾವ ಗುಂಡಿ ಯಾವುದಕ್ಕೆ ಎಂದು ಕಂಪ್ಯೂಟರಿಗೆ ಹೇಳಿಕೊಡುವುದರಲ್ಲೇ ಹೋಯಿತು. ಎರಡನೇ ಮಧ್ಯಾಹ್ನ ಮೇಷ್ಟ್ರು ವಿಮಾನದಲ್ಲಿ ಕೂತು, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ, ಮೊದಲು ಕನ್ನಡಿ ಸರಿಮಾಡಲು ಹೊರಟರು. ಅದಕ್ಕೆ ಗುಂಡಿಯೇ ಇರಲಿಲ್ಲ. ಕನ್ನಡಿಯಿಲ್ಲದ ಗಾಡಿಯನ್ನು ರಸ್ತೆಗಿಳಿಸುವುದಿಲ್ಲ ಎಂದು ಹಟ ಹಿಡಿದು ಕೂತರು. ಎಂಜಿನ್ ಚಾಲೂ ಮಾಡಲು ಏಳು ಗುಂಡಿ ಒತ್ತಬೇಕೆಂದು ಗೊತ್ತಾಗುವ ಹೊತ್ತಿಗೆ ನಾಲ್ಕು ಗಂಟೆಯಾಗಿ, ಹೆಂಡತಿ ಕುರ್ಚಿಯನ್ನು ಗಂಡನ ಸಮೇತ ಎಳೆದು ಬದಿಗಿಟ್ಟಳು.

ಮೂರನೇ ಮಧ್ಯಾಹ್ನ ವಿಮಾನ ಚಕ್ರದ ಮೇಲೆ ಉರುಳಿಕೊಂಡು ಹೊರಟಿತು. ರನ್‌ವೇಗೆ ಹೋಗುವ ದಾರಿಯಲ್ಲಿ ಎದುರಿಗೆ ಇನ್ನೊಂದು ವಿಮಾನ ಸುಮ್ಮನೆ ನಿಂತಿತ್ತು. ಮೇಷ್ಟ್ರು ಐದು ಸೆಕೆಂಡು ಕಾದರು. ಆಮೇಲೆ, ದಾರಿ ಬಿಡಲಿ ಎಂದು ಹೆಬ್ಬೆರಳಿನಿಂದ ಸಣ್ಣಗೆ ಹಾರನ್ ಒತ್ತಿದರು.

"ಯಾರ್ರೀ ಅದು ಹಿಂದೆ?" ಹೆಡ್‌ಫೋನಿನಲ್ಲಿ ಕಮಾಂಡರ್ ಕನ್ನಡಕದವರ ದನಿ ಕಿರುಚಿತು.

"ನಾನೇ, ಮೇಷ್ಟ್ರು. ಸ್ವಲ್ಪ ಹಾರನ್ ಮಾಡ್ದೆ."

"ಅದು ಹಾರನ್ ಅಲ್ಲ ಮಾರಾಯ್ರೆ! ಮಷಿನ್ ಗನ್! ನಾನು ಸತ್ತೆ!"

"ಮತ್ತೆ ಹಾರನ್ ಎಲ್ಲಿದೆ?"

"ಯುದ್ಧದಲ್ಲಿ ಯಾವನ್ರೀ ಹಾರನ್ ಹೊಡೀತಾನೆ?"

ಕನ್ನಡಕದವರು ಆ ವಾರ ಹಾಗೆ ನಾಲ್ಕು ಸಲ ಸತ್ತರು. ಪ್ರತಿ ಸಲವೂ ಮೇಷ್ಟ್ರದು ಒಂದೇ ವಾದ, ಕ್ಷಮೆ ಕೇಳಬೇಕಾದವನು ತಾನಲ್ಲ, ದಾರಿಯ ಮಧ್ಯೆ ನಿಂತವನು.

ಹೇಗೋ ಮೇಲೆ ಹಾರಿದ ಮೇಲೆ ಇನ್ನೊಂದು ಕಾಟ. ಶತ್ರು ವಿಮಾನ ಎದುರಿಗೇ ಸಿಕ್ಕರೂ ಮೇಷ್ಟ್ರು ಅದರ ಹಿಂದೆ ಸುರಕ್ಷಿತ ಅಂತರ ಬಿಟ್ಟುಕೊಂಡು ಹೋಗುತ್ತಿದ್ದರು. ತಿರುಗಿದರೆ ತಿರುಗುವರು, ನಿಧಾನಿಸಿದರೆ ನಿಧಾನಿಸುವರು. "ಹೊಡೀರಿ! ಹೊಡೀರಿ!" ಎಂದು ಏಳು ಜನ ಕಿವಿಯಲ್ಲಿ ಬೊಬ್ಬೆ ಹಾಕಿದರೆ, "ಅವನು ಸಿಗ್ನಲ್ಲೇ ತೋರಿಸ್ತಿಲ್ಲ ರೀ, ಯಾವ ಕಡೆ ಹೋಗ್ತಾನೆ ಅಂತ ಗೊತ್ತಾಗ್ಬೇಡ್ವಾ?" ಎಂದು ಇವರೇ ಗದರುವರು. ಎದುರು ಪಡೆಯವರು ಒಂದು ಪತ್ರ ಬರೆದರು. ದಯವಿಟ್ಟು ಈ ಹಿರಿಯರನ್ನು ಪಡೆಯಿಂದ ತೆಗೆಯಬೇಡಿ, ಇವರು ಬಂದಮೇಲೆ ನಮಗೆ ತುಂಬಾ ಅನುಕೂಲವಾಗಿದೆ ಎಂದು.

ಆದರೆ ಇವೆಲ್ಲ ಚಿಲ್ಲರೆ ಕಷ್ಟ. ದೊಡ್ಡ ಕಷ್ಟ ಇಳಿಸುವುದರಲ್ಲಿತ್ತು. ಆ ಪೆಡಲುಗಳ ತುದಿ ಒತ್ತಿದರೆ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ವಿಮಾನ ನೆಲ ಮುಟ್ಟಿದ್ದೇ ತಡ, ರನ್‌ವೇಯ ಕೊನೆಯ ಮರಗಳು ಮೇಷ್ಟ್ರ ಕಾಲಿಗೆ ಕಾಣುತ್ತಿದ್ದವು. ಕಾಲು ತುಳಿಯುತ್ತಿತ್ತು. ಹಳೇ ಕಾಲದ ಆ ವಿಮಾನ ಬಾಲವೆತ್ತಿ, ಮೂಗನ್ನು ಮಣ್ಣಿಗೆ ಚುಚ್ಚಿ, ನೆಟ್ಟ ಗುದ್ದಲಿಯಂತೆ ನಿಲ್ಲುತ್ತಿತ್ತು. ಕ್ಯಾಲೆಂಡರಿನ ಅರವತ್ತಮೂರು ಗೀಟುಗಳಲ್ಲಿ ನಲವತ್ತು ಹೀಗೆ ಹೋದವು.

"ನಾನು ಒತ್ತಲಿಲ್ಲ ಕಣಮ್ಮ, ಆಣೆಗೂ ಒತ್ತಲಿಲ್ಲ. ಅದೇ ಒತ್ತಿಕೊಳ್ತು."

"ಯಾವುದು ಮೇಷ್ಟ್ರೆ?"

"ಕಾಲು!"

ಹೊಲಿಗೆ ಯಂತ್ರ ತುಳಿದು ಕಾಲು ಪಳಗಿದ ಟೈಲರಮ್ಮನ ವಿಮಾನ ಆಗಲೇ ಮೆತ್ತಗೆ ಇಳಿದು, ಉರುಳಿ, ತನ್ನ ಜಾಗಕ್ಕೆ ಹೋಗಿ ನಿಂತಿತ್ತು. ಅದು ಮೇಷ್ಟ್ರಿಗೆ ಇನ್ನಷ್ಟು ಉರಿ.

ಗಡುವಿನ ಭಾನುವಾರ ಬಂತು. ಮಧ್ಯಾಹ್ನ ಎರಡಕ್ಕೆ ಕೂತವರು ಮೂರೂವರೆಯೊಳಗೆ ಐದು ವಿಮಾನ ನೆಟ್ಟರು. ಬೂಟು ಹಾಕಿ ನೋಡಿದರು, ಬರಿಗಾಲಲ್ಲಿ ನೋಡಿದರು, ಬಲಗಾಲಿಗೆ ದಿಂಬು ಕಟ್ಟಿಕೊಂಡು ನೋಡಿದರು. ನಾಳೆ ಬೆಳಿಗ್ಗೆ ಆ ಟೈಲರಮ್ಮನ ಪಕ್ಕದಲ್ಲಿ ಕಾಲೆತ್ತಿ ಕೂರುವ ಚಿತ್ರ ಕಣ್ಣಮುಂದೆ ಬಂತು. ಆರನೇ ವಿಮಾನ ಇಳಿಯಲು ಬಗ್ಗಿದಾಗ ಅವರು ಮಾನ ಮರ್ಯಾದೆ ಬಿಟ್ಟು ಕೂಗಿದರು.

"ಇವಳೇ! ಬಾರೇ ಇಲ್ಲಿ! ನನ್ನ ಕಾಲು ಹಿಡ್ಕೊಳ್ಳೇ!"

"ಯಾಕ್ರೀ, ಮದುವೆಯಾಗಿ ಇಪ್ಪತ್ತಾರು ವರ್ಷ ಆದ್ಮೇಲೆ ಇದೊಂದು ಬಾಕಿ ಇತ್ತಾ?"

"ಬಲಗಾಲು! ಗಟ್ಟಿಯಾಗಿ! ಬಿಡಬೇಡ!"

ಹೆಂಡತಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಮೇಜಿನ ಕೆಳಗೆ ತೂರಿದಳು. ಎರಡೂ ಕೈಯಲ್ಲಿ ಗಂಡನ ಪಾದವನ್ನು ಹಿಡಿದಳು. ಚಕ್ರ ನೆಲ ಮುಟ್ಟಿತು. ಕಾಲು ಹೋರಿಯಂತೆ ಮುನ್ನುಗ್ಗಿತು. ಆಕೆ ಗೋಡೆಗೆ ಬೆನ್ನು ಕೊಟ್ಟು ಹಿಂದಕ್ಕೆಳೆದಳು. ಮೇಜು ಅಲುಗಾಡಿತು, ವಕೀಲರ ಕಾಗದಗಳು ಹಾರಿದವು, ಮೇಷ್ಟ್ರು "ಮರ! ಮರ! ಮರ!" ಎಂದು ಕೂಗಿದರು. ವಿಮಾನ ಉರುಳಿತು, ಇನ್ನೂ ಉರುಳಿತು, ಹುಲ್ಲಿನ ಮೇಲೆ ನಿಧಾನವಾಗಿ, ಬೇಸರ ಬಂದವರಂತೆ, ಮರಕ್ಕೆ ಒಂದು ಮಾರು ಇರುವಾಗ ನಿಂತಿತು. ಬಾಲ ನೆಲದಲ್ಲಿ, ಮೂಗು ಗಾಳಿಯಲ್ಲಿ.

"ನಿಂತಿತು!" ಮೇಷ್ಟ್ರು ಕುರ್ಚಿಯಿಂದೆದ್ದು ಎರಡೂ ಕೈ ಮೇಲೆತ್ತಿದರು. ಎತ್ತಿಕೊಂಡೇ ಇದ್ದರು. ಇಳಿದ ಮೇಲೆ ರನ್‌ವೇ ಖಾಲಿ ಮಾಡಿ ಬದಿಗೆ ಹೋಗಬೇಕೆಂದು ಅವರಿಗೆ ಹೊಳೆಯಲಿಲ್ಲ. ಅದುವರೆಗೆ ಆ ಪ್ರಮೇಯವೇ ಬಂದಿರಲಿಲ್ಲವಲ್ಲ. ಹಿಂದಿನಿಂದ ಇಳಿಯುತ್ತಿದ್ದ ಕನ್ನಡಕದವರು ಸೀದಾ ಬಂದು ಅವರ ಮೇಲೆಯೇ ಇಳಿದರು.

ಆಮೇಲೆ ನಡೆದ ಜಗಳ ಯುದ್ಧಕ್ಕಿಂತ ಜೋರಾಗಿತ್ತು.

"ಮುರೀದೆ ಇಳಿಸ್ಬೇಕು ಅಂತ ತಾನೆ ಮಾತು? ಎಲ್ರೀ ಇದೆ ವಿಮಾನ? ತೋರಿಸಿ!" ಎಂದರು ಕನ್ನಡಕದವರು.

"ನೀವು ಬಂದು ಗುದ್ದಿದ್ದಕ್ಕೆ ನಾನೇನ್ರೀ ಮಾಡ್ಲಿ? ಊರಿಗೆಲ್ಲ ಕಣ್ಣು ಟೆಸ್ಟ್ ಮಾಡ್ತೀರಿ, ನಿಮ್ಮ ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ!"

"ರೀ, ನೀವು ನಾಲ್ಕು ಸಲ ಹಿಂದಿಂದ ನನ್ನ ಸುಟ್ಟಿದೀರ!"

ಉಳಿದ ಪಡೆಯವರು ಮೂವರು ಆ ಕಡೆ, ಇಬ್ಬರು ಈ ಕಡೆ ಆದರು. ಕೊನೆಗೆ ಟೈಲರಮ್ಮನ ದನಿ ಬಂತು. "ಮೇಷ್ಟ್ರ ಗಾಡಿ ನಿಂತಿತ್ತು. ಪೂರ್ತಿ ನಿಂತಿತ್ತು. ನಾನು ನೋಡಿದೀನಿ. ಗೆದ್ರು." ಅಷ್ಟು ಹೇಳಿ ಸಂಪರ್ಕ ಕಡಿದುಕೊಂಡಳು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಎದೆಯುಬ್ಬಿಸಿ ಬಂದು ತಮ್ಮ ಸೀಟಿನಲ್ಲಿ ಕೂತು, ಬಲಗಾಲನ್ನು ಹಕ್ಕಿನಿಂದ ಪೆಡಲಿನ ಮೇಲಿಟ್ಟರು. ಟೈಲರಮ್ಮ ಬೆಲ್ಟ್ ಹಾಕಿದಳು, ಕನ್ನಡಿ ಸರಿಮಾಡಿದಳು, ಗಾಡಿ ಬಿಟ್ಟಳು. ಒಂದು ಕೊಂಕು ಮಾತಿಲ್ಲ, ಮುಖದಲ್ಲಿ ಗಂಟಿಲ್ಲ.

"ಏನಾದ್ರೂ ಹೇಳ್ರಮ್ಮ!" ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಏನ್ ಹೇಳೋದು? ಮಾತು ಮಾತೇ. ಒತ್ತಿಕೊಳ್ಳಿ."

ಮೊದಲ ವೃತ್ತದಲ್ಲಿ ಮೇಷ್ಟ್ರು ಒತ್ತಿದರು. ಬ್ಯಾಂಕಿನ ಮುಂದೆ ಒತ್ತಿದರು. ಪೆಟ್ರೋಲ್ ಬಂಕಿನ ತಿರುವಿನಲ್ಲಿ ಒತ್ತುವಾಗ ಓರೆಗಣ್ಣಿನಿಂದ ಆಕೆಯ ಕಾಲನ್ನು ನೋಡಿದರು. ಅದು ಬ್ರೇಕಿನ ಹತ್ತಿರಕ್ಕೂ ಹೋಗಿರಲಿಲ್ಲ. ಅತಿಥಿಯ ಹಾಗೆ ಬದಿಗೆ ಕೂತು ಕಾಯುತ್ತಿತ್ತು. ಭಾನುವಾರದ ವಿಮಾನಗಳನ್ನು ಎಲೆ ಉದುರಿದಷ್ಟು ಮೆತ್ತಗೆ ಇಳಿಸಿದ ಕಾಲು ಅದೇ. ಅದೇ ಕಾಲು ನಾಳೆ ಹನ್ನೊಂದು ಗಂಟೆಯ ಟೆಸ್ಟಿನಲ್ಲಿ ಕಾರನ್ನು ಕಚೇರಿಯ ಮೆಟ್ಟಿಲು ಹತ್ತಿಸುತ್ತದೆ, ಬಹುಶಃ ಈ ಸಲ ಮೂರನೇ ಮೆಟ್ಟಿಲನ್ನೂ.

"ಥೂ ಇವರಪ್ಪನ," ಎಂದು ಗೊಣಗಿ ಮೇಷ್ಟ್ರು ಚಪ್ಪಲಿ ಕಳಚಿದರು. ಎರಡೂ ಕಾಲನ್ನು ಸೀಟಿನ ಮೇಲೆಳೆದು ಚಕ್ಕಳಮಕ್ಕಳ ಹಾಕಿ, ಬಲಪಾದವನ್ನು ಎಡತೊಡೆಯ ಕೆಳಗೆ ಸಿಕ್ಕಿಸಿ, ಅದರ ಮೇಲೆ ತಮ್ಮ ಭಾರವನ್ನೆಲ್ಲ ಹಾಕಿದರು.

"ಏನ್ ಮೇಷ್ಟ್ರೆ ಇದು? ಗೆದ್ರಲ್ಲ ನೀವು!"

"ಗೆದ್ದೋನು ನನಗಿಷ್ಟ ಬಂದ ಹಾಗೆ ಕೂತ್ಕೋತೀನಿ! ಮುಂದೆ ನೋಡಿ!"

ಮುಂದೆ ಕಬ್ಬಿಣದ ಸರಳು ಹೇರಿದ ಲಾರಿಯೊಂದು ನಿಂತಿತ್ತು. ಸರಳುಗಳು ಹಿಂದಕ್ಕೆ ಎರಡು ಮಾರು ಚಾಚಿದ್ದವು, ತುದಿಗೆ ಕೆಂಪು ಬಟ್ಟೆ ಕಟ್ಟಿತ್ತು. ಟೈಲರಮ್ಮನ ಕಾಲು ಕಾಯಿತು. ಇಪ್ಪತ್ತು ಮಾರು. ಕಾಯಿತು. ಮೇಷ್ಟ್ರ ತೊಡೆಯ ಕೆಳಗೆ ಬಲಪಾದ ಸಿಕ್ಕಿಬಿದ್ದ ಮೀನಿನಂತೆ ಒದ್ದಾಡಿತು. ಹತ್ತು ಮಾರು. "ಅಮ್ಮಾ, ಲಾರಿ! ಅಮ್ಮಾ, ಸರಳು! ಅಮ್ಮಾ, ನನಗೆ ಹೆಂಡತಿ ಇದ್ದಾಳೆ!" ಎಂದು ಕೂಗಿ ಅವರು ಕಣ್ಣು ಮುಚ್ಚಿದರು.

ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಕಾರು ನಿಂತಿತ್ತು. ಕೆಂಪು ಬಟ್ಟೆ ಗಾಜಿನ ಆಚೆ ಒಂದು ಗೇಣು ದೂರದಲ್ಲಿ ಅಲ್ಲಾಡುತ್ತಿತ್ತು. ಟೈಲರಮ್ಮ ತನ್ನ ಬಲಗಾಲನ್ನೇ ಬಗ್ಗಿ ನೋಡುತ್ತಿದ್ದಳು. ಅದು ಬ್ರೇಕಿನ ಮೇಲಿತ್ತು. ಐದು ತಿಂಗಳಲ್ಲಿ ಮೊದಲ ಸಲ.

"ಇಷ್ಟು ಹತ್ತಿರಾನಾ? ಇದು ನಿಲ್ಲಿಸೋ ರೀತೀನಾ? ಕಣ್ಣು ಎಲ್ಲಿತ್ತು? ಮೊದಲೇ ಒತ್ತಬಾರ್ದಾ?" ಮೇಷ್ಟ್ರು ಶುರು ಮಾಡಿದವರು ಲಾರಿ ಹೊರಟುಹೋದರೂ ನಿಲ್ಲಿಸಲಿಲ್ಲ. ಮುಂದಿನ ಸಿಗ್ನಲ್ಲಿನಲ್ಲಿ ಬೈದರು, ಮಾರುಕಟ್ಟೆಯ ಹತ್ತಿರ ಬೈದರು, ಶಾಲೆಯ ಗೇಟಿನ ಮುಂದೆ ಬೈದರು. ಎಲ್ಲ ಕಡೆಯೂ ಕಾರು ನಿಂತಿತ್ತು, ಪ್ರತಿ ಸಲ ಹಿಂದಿನದಕ್ಕಿಂತ ಒಂದು ಗೇಣು ಮೊದಲೇ. ಕೊನೆಗೆ ಸ್ಕೂಲಿನ ಬಾಗಿಲಿಗೆ ಬಂದು ಎಂಜಿನ್ ಆರಿಸಿದಾಗಲೂ ಮೇಷ್ಟ್ರು ಬೈಯುತ್ತಲೇ ಇದ್ದರು, ಕಾಲು ಮಾತ್ರ ಕೆಳಗಿಳಿಸಿರಲಿಲ್ಲ.

"ಮೇಷ್ಟ್ರೆ, ಪಾಠ ಮುಗೀತು. ಕಾಲು ಇಳಿಸಿ."

"ಜೋಮು ಹಿಡಿದಿದೆ ಕಣಮ್ಮ. ಯಾರಾದ್ರೂ ನೋಡೋದ್ರೊಳಗೆ ಇನ್ನೊಂದು ಸುತ್ತು ಹೊಡೀರಿ."