ಅಪ್ಪಣೆರಾಯನಿಗೆ ಕೊಟ್ಟ ಅಪ್ಪಣೆ

ಕೋಟು ಹೊಲಿಯುವ ಆ ಕಾರ್ಖಾನೆಯ ದೀಪಗಳ ಉಸ್ತುವಾರಿಗೆ ಒಂದು ಎಐ ಏಜೆಂಟ್ ಬಂದಿತ್ತು. ಯಾವ ಕೋಣೆಯಲ್ಲಿ ಎಷ್ಟು ಬೆಳಕಿದೆ ಎಂದು ಅದು ನೋಡಬಹುದು. ಹೆಚ್ಚು ಕಮ್ಮಿ ಮಾಡಬೇಕಾದರೆ ಮಾತ್ರ ಎಲೆಕ್ಟ್ರಿಷಿಯನ್ನನ್ನು ಕೇಳಬೇಕು. ಅವನು ಆ ಕೋಣೆಗೆ ಹೋಗಿ, ಕಣ್ಣಾರೆ ಕಂಡು, ಆಮೇಲೆ ಫೋನಿನಲ್ಲಿ 'ಆಗಲಿ' ಒತ್ತಬೇಕು. ಈ ಕಟ್ಟಳೆ ಮಾಡಿಸಿದವನೂ ಅವನೇ. "ಯಂತ್ರದ ಕೈಗೆ ಸ್ವಿಚ್ಚು ಕೊಟ್ಟು ನಾವು ಕೈ ಕಟ್ಕೊಂಡು ಕೂರೋಕಾಗುತ್ತಾ ಸಾರ್?" ಎಂದು ಮ್ಯಾನೇಜರ್ ಮುಂದೆ ಭಾಷಣವನ್ನೇ ಬಿಗಿದಿದ್ದ.

ಏಜೆಂಟ್ ದಿನಕ್ಕೆ ಅರವತ್ತು ಸಲ ಕೇಳತೊಡಗಿತು. ಅವನು ಅದಕ್ಕೆ ಅಪ್ಪಣೆರಾಯ ಎಂದು ಹೆಸರಿಟ್ಟ. ಊಟದ ಹೊತ್ತಿನಲ್ಲಿ ಮೂಗಿನಿಂದ ರಾಗ ಎಳೆದು, "ಮಾನ್ಯರೇ, ಮೆಟ್ಟಿಲ ಮೇಲೆ ನರಪಿಳ್ಳೆಯೂ ಇಲ್ಲ, ಬೆಳಕು ತಗ್ಗಿಸಲೇ?" ಎಂದು ಅಣಕಿಸಿದರೆ ಹೊಲಿಗೆಯವರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುವವಳು ಅವನ ಅಕ್ಕ. ಅಲ್ಲಿ ಗುಂಡಿ ತೂರಿಸುವ ಕಾಜಾಗಳನ್ನು ಕೈಯಲ್ಲಿ ಹೊಲಿಯುವವಳು ಅವಳೊಬ್ಬಳೇ.

ಹದಿನೈದು ದಿನ ಓಡಾಡಿದ. ಆಮೇಲೆ ಮೊಣಕಾಲು ಮುಷ್ಕರ ಹೂಡಿತು; ಕುರ್ಚಿಯಿಂದಲೇ ಒತ್ತತೊಡಗಿದ. ಕೊನೆಗೊಂದು ಮಧ್ಯಾಹ್ನ 'ಇನ್ನು ಕೇಳಬೇಡ, ಯಾವಾಗಲೂ ಆಗಲಿ' ಎಂಬಲ್ಲಿ ಗುರುತು ಹಾಕಿ ಕಾಲು ಚಾಚಿದ.

ಅಕ್ಕ ಕಾಜಾ ಕೋಣೆಯಲ್ಲಿ ಒಬ್ಬಳೇ ಕೂತರೆ ಕೂತಳೇ. ಬೆರಳು ಬಿಟ್ಟರೆ ಮೈ ಅಲುಗಾಡದು. ಓಡಾಟ ಕಂಡರೆ ಮಾತ್ರ ಜನರಿದ್ದಾರೆಂದು ತಿಳಿಯುವ ಛಾವಣಿಯ ಸೆನ್ಸರ್ ಲೆಕ್ಕದಲ್ಲಿ ಕೋಣೆ ಖಾಲಿ. ಏಜೆಂಟ್ ಬೆಳಕನ್ನು ಅರ್ಧಕ್ಕೆ ಇಳಿಸುತ್ತಿತ್ತು, ಮೆಲ್ಲಗೆ, ಗೊತ್ತೇ ಆಗದ ಹಾಗೆ.

"ಯಾಕೋ ಮಂಕು ಮಂಕು ಕಣೋ," ಅಂದಳು ಒಂದು ದಿನ.

"ದೀಪಕ್ಕೇನೂ ಆಗಿಲ್ಲ ಅಕ್ಕಾ. ವಯಸ್ಸಾಗಿರೋದು ನಿಂಗೆ."

ಮುಂದಿನ ವಾರ ನಲವತ್ತು ಕೋಟು ವಾಪಸ್ಸು ಬಂದವು. ಕಪ್ಪು ಬಟ್ಟೆಗೆ ಕಡುನೀಲಿ ದಾರದ ಕಾಜಾ.

ಮ್ಯಾನೇಜರ್ ಇಬ್ಬರನ್ನೂ ಕರೆಸಿದ. ಅಕ್ಕ ನೆಟ್ಟಗೆ ನಿಂತೇ ಮಾತಾಡಿದಳು. "ಇಪ್ಪತ್ತೆರಡು ವರ್ಷದಲ್ಲಿ ಒಂದೆಳೆ ತಪ್ಪಿಲ್ಲ ಸಾರ್. ಕಣ್ಣು ತೋರಿಸ್ಕೊಂಡು ಬಂದೆ, ಏನೂ ಆಗಿಲ್ಲ ಅಂದ್ರು. ಬೆಳಕೇ ಕಮ್ಮಿ ಇದ್ದಿರ್ಬೇಕು. ನನ್ನ ತಮ್ಮನ್ನೇ ಕೇಳಿ. ಅವನು ಬಂದು ನೋಡದೆ ಇಲ್ಲಿ ಒಂದು ದೀಪಾನೂ ಬದಲಾಗಲ್ಲ."

"ಏನಪ್ಪಾ, ನೋಡೇ ತಾನೇ ಒತ್ತೋದು?"

"ಹೌದು ಸಾರ್. ಬೆಳಕು ಸರಿಯಾಗೇ ಇತ್ತು."

ಹತ್ತು ಜನರ ದನಿ ತೆಗೆಯುವವನಿಗೆ ತನ್ನ ಬಾಯಿಂದ ಬಂದ ಆ ದನಿ ಮಾತ್ರ ಯಾರದೆಂದು ತಿಳಿಯಲಿಲ್ಲ. ಅಕ್ಕ ಅವನತ್ತ ತಿರುಗಿ ನೋಡಿದಳು. "ನಾಳೆಯಿಂದ ನೀವು ಬರೋದು ಬೇಡಮ್ಮ," ಅಂದ ಮ್ಯಾನೇಜರ್.

ಸಂಜೆ ಅವಳು ಕತ್ತರಿ, ಸೂಜಿಡಬ್ಬಿ ಚೀಲಕ್ಕೆ ತುಂಬುವಾಗ ಅವನು ಪಕ್ಕದಲ್ಲಿ ನಿಂತಿದ್ದ.

"ಯಾವಾಗಿಂದ ನೋಡೋದು ಬಿಟ್ಟೆ?"

"ತಿಂಗಳಾಯ್ತು."

ಅವಳ ತುಟಿ ಅಲುಗಿತು. ಬೈಗುಳವಲ್ಲ; ತಿಂಗಳಲ್ಲಿ ಹೊಲಿದ ಕೋಟುಗಳನ್ನು ಎಣಿಸುತ್ತಿದ್ದಳು.

"ಹಾಗಿದ್ರೆ ನಲವತ್ತೇ ಇರಲ್ಲ. ಕಟ್ಟಿಟ್ಟಿರೋದನ್ನೂ ಬಿಸಿಲಿಗೆ ಹಿಡಿದು ನೋಡೋಕೆ ಹೇಳು ಅವರಿಗೆ. ಕೆಟ್ಟ ಕೆಲಸ ಹೊರಗೆ ಹೋಗ್ಬಾರದು."

ಹೇಳಬೇಕಾದರೆ ಯಾಕೆಂದೂ ಹೇಳಬೇಕು.

"ಹೂಂ ಅಕ್ಕಾ, ಹೇಳ್ತೀನಿ," ಅಂದ. ಅವಳು ನಂಬಿದಳೋ ಇಲ್ಲವೋ, ಚೀಲ ಹೆಗಲಿಗೇರಿಸಿ ಇಳಿದು ಹೋದಳು.